ಹಿಮ ಇದ್ದರೆ ಸಾಕು, ಸ್ಕೀ ತಾನಾಗಿ ಜಾರುತ್ತದೆಯೇ? ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಬಗ್ಗೆ ತಪ್ಪು ತಿಳಿವಳಿಕೆ ಮತ್ತು ವಿಜ್ಞಾನ

2014ರ ಫೆಬ್ರವರಿ. ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿತ್ತು. ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಎಂದರೆ ನಾರ್ವೆ ಎನ್ನುವಷ್ಟು ಆ ದೇಶ ಈ ಆಟದಲ್ಲಿ ಪಳಗಿದೆ. ಮಹಿಳೆಯರ ರಿಲೇಯಲ್ಲಿ ಚಿನ್ನ ನಾರ್ವೆಗೇ ಎಂದು ಬಹುತೇಕ ಎಲ್ಲರೂ ಅಂದುಕೊಂಡಿದ್ದರು. ಆದರೆ ನಾರ್ವೆ ಬಂದದ್ದು ಐದನೇ ಸ್ಥಾನಕ್ಕೆ. ಮರುದಿನ ಪುರುಷರ ರಿಲೇಯಲ್ಲಿ ನಾಲ್ಕನೇ ಸ್ಥಾನ. ಎರಡರಲ್ಲೂ ಚಿನ್ನ ಗೆದ್ದದ್ದು ಪಕ್ಕದ ಸ್ವೀಡನ್.

ನಾರ್ವೆಯ ಆಟಗಾರರಿಗೆ ಶಕ್ತಿ ಕಡಿಮೆಯಾಗಿರಲಿಲ್ಲ. ಅವರ ಸ್ಕೀಗಳೇ ಸರಿಯಾಗಿ ಜಾರುತ್ತಿರಲಿಲ್ಲ. ಆ ದಿನಗಳಲ್ಲಿ ಸೋಚಿಯ ಹವೆ ಬೆಚ್ಚಗಿತ್ತು, ಹಿಮ ನೀರು ಕುಡಿದು ಮೆತ್ತಗಾಗಿತ್ತು. ಆ ಹಿಮಕ್ಕೆ ಹೊಂದುವ ಮೇಣವನ್ನು ಸ್ಕೀ ತಳಕ್ಕೆ ಹಚ್ಚುವುದರಲ್ಲಿ ತಂಡ ಎಡವಿತು ಎಂದು ನಾರ್ವೆಯಲ್ಲೇ ದೊಡ್ಡ ಚರ್ಚೆಯಾಯಿತು.

ಹಿಮವನ್ನು ಕಂಡೇ ಇಲ್ಲದ ನಮ್ಮಲ್ಲಿ ಅನೇಕರಿಗೆ ಇದು ವಿಚಿತ್ರ ಅನ್ನಿಸಬಹುದು. ಹಿಮ ಅಂದರೆ ಹಿಮ, ಅದು ಜಾರುತ್ತದೆ, ಇದರಲ್ಲಿ ಇಷ್ಟೊಂದು ತಲೆನೋವು ಏಕೆ? ಹೊಲದ ಮಣ್ಣಿಗೆ ಹದ ಇರುವ ಹಾಗೆ ಹಿಮಕ್ಕೂ ಹದ ಇದೆ. ಆ ಹದ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ಈ ಲೇಖನದಲ್ಲಿ ಆ ಹದದ ವಿಜ್ಞಾನವನ್ನೂ, ಹಿಮದ ಬಗ್ಗೆ ಮೊಬೈಲ್‌ಗಳಲ್ಲಿ ಓಡಾಡುವ ಕೆಲವು ತಪ್ಪು ಮಾಹಿತಿಗಳನ್ನೂ ನೋಡೋಣ.

ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಅಂದರೇನು?

ಸಿನಿಮಾಗಳಲ್ಲಿ ನಾವು ನೋಡುವ ಸ್ಕೀಯಿಂಗ್ ಹೆಚ್ಚಾಗಿ ಬೆಟ್ಟದ ಮೇಲಿಂದ ಕೆಳಕ್ಕೆ ಧಾವಿಸುವ ಬಗೆಯದು. ಅದರಲ್ಲಿ ಮೇಲಕ್ಕೆ ಹೋಗಲು ಕೇಬಲ್ ಕಾರು ಅಥವಾ ಲಿಫ್ಟ್ ಇರುತ್ತದೆ, ಕೆಳಕ್ಕೆ ಎಳೆಯಲು ಗುರುತ್ವಾಕರ್ಷಣೆ ಇರುತ್ತದೆ. ಕ್ರಾಸ್‌ಕಂಟ್ರಿಯಲ್ಲಿ ಹಾಗಿಲ್ಲ. ಸಮತಟ್ಟಾದ ಜಾಗ, ಏರು, ಇಳಿಜಾರು ಎಲ್ಲವನ್ನೂ ಸ್ವಂತ ಕೈಕಾಲಿನ ಬಲದಿಂದಲೇ ದಾಟಬೇಕು. ಉದ್ದನೆಯ, ಕಿರಿದಾದ, ಹಗುರವಾದ ಎರಡು ಸ್ಕೀಗಳು, ಕೈಯಲ್ಲಿ ಎರಡು ಕೋಲುಗಳು. ಬೂಟಿನ ತುದಿ ಮಾತ್ರ ಸ್ಕೀಗೆ ಅಂಟಿಕೊಂಡಿರುತ್ತದೆ, ಹಿಮ್ಮಡಿ ನಡೆಯುವಾಗಿನಂತೆ ಮೇಲೇಳುತ್ತದೆ.

ಇದರಲ್ಲಿ ಎರಡು ಶೈಲಿಗಳಿವೆ. ಒಂದು ಕ್ಲಾಸಿಕ್. ಎರಡು ಸಮಾನಾಂತರ ಗಾಡಿಗಳಲ್ಲಿ ಕಾಲಿಟ್ಟು, ನಡಿಗೆಯಂತೆಯೇ ಒಂದಾದ ಮೇಲೊಂದು ಕಾಲನ್ನು ಒತ್ತಿ ಜಾರುತ್ತಾ ಸಾಗುವುದು. ಇನ್ನೊಂದು ಸ್ಕೇಟಿಂಗ್ ಶೈಲಿ. ಅಗಲವಾದ ಹಾದಿಯಲ್ಲಿ ಕಾಲನ್ನು ಓರೆಯಾಗಿ ತಳ್ಳುತ್ತಾ ಹೋಗುವುದು. ಇದು 1980ರ ದಶಕದಲ್ಲಿ ಹರಡಿತು. ವೇಗ ಹೆಚ್ಚು ಎಂಬ ಕಾರಣಕ್ಕೆ ಎಲ್ಲರೂ ಇದನ್ನೇ ಹಿಡಿಯತೊಡಗಿದಾಗ, ಕ್ಲಾಸಿಕ್ ಉಳಿಯಲೆಂದು ಎರಡಕ್ಕೂ ಬೇರೆ ಬೇರೆ ಸ್ಪರ್ಧೆಗಳನ್ನು ಮಾಡಲಾಯಿತು.

ಹಾದಿಯನ್ನು ಹದ ಮಾಡುವುದು ಹೇಗೆ?

ಆಗತಾನೆ ಬಿದ್ದ ಹಿಮದಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಗಾಳಿಯೇ ಇರುತ್ತದೆ. ಅದರ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೂ ಹುಗಿದುಹೋಗಬಹುದು. ಅದಕ್ಕೇ ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಟ್ಯಾಂಕಿನಂತೆ ಅಗಲ ಪಟ್ಟಿಗಳಿರುವ ದೊಡ್ಡ ಯಂತ್ರಗಳು ಈ ಹಾದಿಗಳಲ್ಲಿ ಓಡಾಡುತ್ತವೆ. ಯಂತ್ರದ ಹಿಂದಿನ ಹಲ್ಲುಗಳು ಹಿಮವನ್ನು ಕೆದಕಿ, ಪುಡಿ ಮಾಡಿ, ಒತ್ತಿ ಸಮ ಮಾಡುತ್ತವೆ. ಕೊನೆಗೆ ಒಂದು ಅಚ್ಚು ಕ್ಲಾಸಿಕ್ ಶೈಲಿಗೆ ಬೇಕಾದ ಎರಡು ಗಾಡಿಗಳನ್ನು ಕೊರೆಯುತ್ತದೆ.

ಆದರೆ ಯಂತ್ರ ಹೋದ ತಕ್ಷಣ ಹಾದಿ ಸಿದ್ಧವಾಗುವುದಿಲ್ಲ. ಒತ್ತಿದ ಹಿಮದ ಕಣಗಳು ಒಂದಕ್ಕೊಂದು ತಾಗಿದ ಕಡೆ ನಿಧಾನವಾಗಿ ಬೆಸೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಸಕ್ಕರೆ ಗಟ್ಟಿ ಕಟ್ಟುವುದನ್ನು ನೋಡಿದ್ದೀರಲ್ಲ, ನೋಡಲು ಹೆಚ್ಚುಕಡಿಮೆ ಹಾಗೆಯೇ. ಇದಕ್ಕೆ ಕೆಲವು ಗಂಟೆಗಳು ಬೇಕು. ಹಾಗಾಗಿ ಹಾದಿಯನ್ನು ಹೆಚ್ಚಾಗಿ ಸಂಜೆ ಅಥವಾ ರಾತ್ರಿ ಹದ ಮಾಡುತ್ತಾರೆ. ರಾತ್ರಿಯ ಚಳಿಯಲ್ಲಿ ಅದು ಗಟ್ಟಿಯಾಗುತ್ತದೆ.

ಇಂತಹ ಹಾದಿಯ ಮೇಲೆ ಬರೀ ಬೂಟಿನಲ್ಲಿ ನಡೆಯಬಾರದು ಎಂಬ ನಿಯಮ ಇರುವುದೂ ಇದಕ್ಕೇ. ಮೆತ್ತಗಿರುವಾಗ ಮೂಡಿದ ಹೆಜ್ಜೆ ಗುಂಡಿ ರಾತ್ರಿ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಮರುದಿನ ಇಳಿಜಾರಿನಲ್ಲಿ ವೇಗವಾಗಿ ಬರುವವರ ಸ್ಕೀ ಅದಕ್ಕೆ ಸಿಕ್ಕಿದರೆ ಮಂಡಿ ಅಥವಾ ಮಣಿಕಟ್ಟು ಮುರಿಯಬಹುದು.

ತಪ್ಪು ತಿಳಿವಳಿಕೆ 1: ನಮ್ಮ ಭಾರಕ್ಕೆ ಹಿಮ ಕರಗಿ ಸ್ಕೀ ಜಾರುತ್ತದೆ

ಇದು ಹಲವರು ಶಾಲೆಯಲ್ಲೇ ಕಲಿತ ವಿವರಣೆ. ಒತ್ತಡ ಹೆಚ್ಚಾದರೆ ಮಂಜುಗಡ್ಡೆ ಕರಗುವ ತಾಪಮಾನ ಕೆಳಗಿಳಿಯುತ್ತದೆ ಎನ್ನುವುದೇನೋ ನಿಜ. ಆದರೆ ಎಷ್ಟು ಇಳಿಯುತ್ತದೆ? ಲೆಕ್ಕ ಹಾಕಿಯೇ ನೋಡೋಣ.

70 ಕೆಜಿ ತೂಕದ ಒಬ್ಬರು ಎರಡು ಸ್ಕೀಗಳ ಮೇಲೆ ನಿಂತಿದ್ದಾರೆ ಎಂದುಕೊಳ್ಳಿ. ಒಂದೊಂದು ಸ್ಕೀ ಸುಮಾರು 2 ಮೀಟರ್ ಉದ್ದ, ನಾಲ್ಕೂವರೆ ಸೆಂಟಿಮೀಟರ್ ಅಗಲ. ಎರಡೂ ಸೇರಿ 1,800 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಬೀಳುವ ಭಾರ 40 ಗ್ರಾಂಗಿಂತಲೂ ಕಡಿಮೆ. ನಮ್ಮ ಸುತ್ತಲಿನ ಗಾಳಿಯೇ ಇದರ ಸುಮಾರು 25 ಪಟ್ಟು ಒತ್ತಡ ಹಾಕುತ್ತಿರುತ್ತದೆ. ಮಂಜುಗಡ್ಡೆ ಕರಗುವ ತಾಪಮಾನ 1 ಡಿಗ್ರಿ ಇಳಿಯಬೇಕಾದರೆ ಗಾಳಿಯ ಒತ್ತಡದ ಸುಮಾರು 135 ಪಟ್ಟು ಬೇಕು. ನಮ್ಮ ಭಾರದಿಂದ ಆಗುವ ಬದಲಾವಣೆ 1 ಡಿಗ್ರಿಯ ಮೂರು ಸಾವಿರದಲ್ಲಿ ಒಂದು ಪಾಲು ಮಾತ್ರ! ಸ್ಕೀ ತಳದ ನೂರರಲ್ಲಿ ಒಂದು ಭಾಗ ಮಾತ್ರ ನಿಜವಾಗಿ ಹಿಮಕ್ಕೆ ತಾಗಿದೆ ಎಂದುಕೊಂಡರೂ, ಮೈನಸ್ 10 ಡಿಗ್ರಿಯ ಹಿಮವನ್ನು ಕರಗಿಸಲು ಇದು ಯಾವ ಮೂಲೆಗೂ ಸಾಲದು.

ಹಾಗಾದರೆ ಜಾರುವುದು ಹೇಗೆ? ಮುಖ್ಯವಾಗಿ ಎರಡು ಕಾರಣಗಳನ್ನು ವಿಜ್ಞಾನಿಗಳು ಕೊಡುತ್ತಾರೆ. ಮೊದಲನೆಯದು, ಮಂಜುಗಡ್ಡೆಯ ಮೇಲ್ಮೈಯಲ್ಲಿರುವ ಅಣುಗಳು ಒಳಗಿನ ಅಣುಗಳಷ್ಟು ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ. ಹೀಗಾಗಿ ಸೊನ್ನೆ ಡಿಗ್ರಿಗಿಂತ ಕೆಳಗೂ ಅಲ್ಲಿ ಅತಿ ತೆಳುವಾದ, ದ್ರವದಂತಹ ಪದರ ಇರುತ್ತದೆ. ಇದರ ಸುಳಿವನ್ನು ಮೈಕೆಲ್ ಫ್ಯಾರಡೆ 1850ರಲ್ಲೇ ಕೊಟ್ಟಿದ್ದರು. ಎರಡನೆಯದು ಉಜ್ಜಾಟದ ಬಿಸಿ. ಚಳಿಗೆ ನಾವು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವಂತೆ, ಚಲಿಸುವ ಸ್ಕೀ ಹಿಮದ ಕಣಗಳ ತುದಿಗಳನ್ನು ಉಜ್ಜಿ ಒಂದಿಷ್ಟು ಕರಗಿಸುತ್ತದೆ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿ ಪ್ರಯೋಗ ಮಾಡಿ ಒತ್ತಡಕ್ಕಿಂತ ಈ ಬಿಸಿಯೇ ಮುಖ್ಯ ಎಂದು ತೋರಿಸಿದರು. ಯಾವುದರ ಪಾಲು ಎಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇಂದಿಗೂ ನಡೆಯುತ್ತಿದೆ.

ತಪ್ಪು ತಿಳಿವಳಿಕೆ 2: ನೀರು ಹೆಚ್ಚಾದಷ್ಟೂ ಹೆಚ್ಚು ಜಾರುತ್ತದೆ

ತೆಳುವಾದ ನೀರಿನ ಪದರ ಜಾರಲು ನೆರವಾಗುತ್ತದೆ ಅಂದಮೇಲೆ ನೀರು ಹೆಚ್ಚಿದ್ದರೆ ಇನ್ನೂ ಒಳ್ಳೆಯದಲ್ಲವೇ? ಇಲ್ಲ. ತೊಳೆದ ಸ್ಟೀಲ್ ತಟ್ಟೆಗಳನ್ನು ಒದ್ದೆಯಿರುವಾಗಲೇ ಒಂದರ ಮೇಲೊಂದು ಇಟ್ಟು ಆಮೇಲೆ ಬಿಡಿಸಲು ಹೋಗಿ. ಅಂಟಿಕೊಂಡುಬಿಟ್ಟಿರುತ್ತವೆ. ನೀರು ತುಂಬಿದ ಹಿಮ ಸ್ಕೀ ತಳವನ್ನು ಹೀಗೆಯೇ ಹಿಡಿದುಕೊಳ್ಳುತ್ತದೆ. ಸೋಚಿಯಂತಹ ಬೆಚ್ಚಗಿನ ದಿನಗಳಲ್ಲಿ ಎಲ್ಲ ತಂಡಗಳಿಗೂ ಎದುರಾಗುವ ತೊಡಕು ಇದು.

ಇನ್ನೊಂದು ತುದಿ ವಿಪರೀತ ಚಳಿ. ಮೈನಸ್ 20 ಡಿಗ್ರಿಯ ಹೊಸ ಹಿಮದಲ್ಲಿ ಆ ತೆಳು ಪದರ ಸರಿಯಾಗಿ ಮೂಡುವುದಿಲ್ಲ. ಹಿಮದ ಹರಳುಗಳ ಚೂಪಾದ ಮೂಲೆಗಳು ಸ್ಕೀ ತಳವನ್ನು ಕೆರೆಯುತ್ತವೆ. ಮರಳಿನ ಮೇಲೆ ಹಲಗೆ ಎಳೆದಂತೆ ಭಾರವೆನಿಸುತ್ತದೆ. ಅಂದರೆ ಹಿಮ ಚೆನ್ನಾಗಿ ಜಾರುವುದು ಈ ಎರಡರ ನಡುವೆ, ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ.

ಒಂದೇ ಸ್ಕೀ ಹಿಡಿಯಬೇಕು, ಜಾರಲೂಬೇಕು!

ಕ್ಲಾಸಿಕ್ ಶೈಲಿಯ ಸೊಗಸು ಮತ್ತು ಕಷ್ಟ ಎರಡೂ ಇಲ್ಲೇ ಇವೆ. ಮುಂದಕ್ಕೆ ಹೋಗಲು ಸ್ಕೀ ಜಾರಬೇಕು. ಆದರೆ ಹಿಂದಕ್ಕೆ ಒದ್ದು ಬಲ ಪಡೆಯುವ ಗಳಿಗೆಯಲ್ಲಿ ಅದೇ ಸ್ಕೀ ಹಿಮವನ್ನು ಗಟ್ಟಿಯಾಗಿ ಹಿಡಿಯಬೇಕು. ಇಲ್ಲದಿದ್ದರೆ ಏರಿನಲ್ಲಿ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ.

ಇದಕ್ಕೆ ಉಪಾಯ ಸ್ಕೀಯ ಆಕಾರದಲ್ಲೇ ಇದೆ. ನೆಲದ ಮೇಲಿಟ್ಟರೆ ಅದರ ನಡುಭಾಗ ಬಿಲ್ಲಿನಂತೆ ಸ್ವಲ್ಪ ಮೇಲೆದ್ದಿರುತ್ತದೆ. ಎರಡೂ ಕಾಲಿನ ಮೇಲೆ ಭಾರ ಹಂಚಿಹೋದಾಗ ನಡುಭಾಗ ಹಿಮಕ್ಕೆ ಅಷ್ಟಾಗಿ ತಾಗುವುದಿಲ್ಲ, ಸ್ಕೀ ಜಾರುತ್ತದೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒದ್ದಾಗ ನಡುಭಾಗ ಕೆಳಗೆ ಒತ್ತಿಕೊಳ್ಳುತ್ತದೆ. ಅಲ್ಲಿ ಹಚ್ಚಿರುವ ಹಿಡಿತದ ಮೇಣದೊಳಕ್ಕೆ ಹಿಮದ ಹರಳುಗಳ ತುದಿಗಳು ಚುಚ್ಚಿಕೊಂಡು ಕ್ಷಣಕಾಲ ಕಚ್ಚಿ ಹಿಡಿಯುತ್ತವೆ. ಕಾಲೆತ್ತಿದ ಕೂಡಲೇ ಬಿಟ್ಟುಕೊಡುತ್ತವೆ.

ಮೇಣ ತೀರಾ ಗಟ್ಟಿಯಾದರೆ ಹರಳು ಚುಚ್ಚಿಕೊಳ್ಳುವುದಿಲ್ಲ, ಕಾಲು ಹಿಂದಕ್ಕೆ ಜಾರುತ್ತದೆ. ತೀರಾ ಮೆತ್ತಗಾದರೆ ಹರಳು ಬಿಡುವುದೇ ಇಲ್ಲ, ತಳಕ್ಕೆ ಹಿಮ ಮೆತ್ತಿಕೊಂಡು ಚಪ್ಪಲಿಗೆ ಜೇಡಿಮಣ್ಣು ಅಂಟಿದಂತಾಗುತ್ತದೆ. ಹಾಗಾಗಿ ಹಿಮದ ಹದಕ್ಕೆ ತಕ್ಕ ಮೇಣ ಬೇಕು. ಸಾಮಾನ್ಯವಾಗಿ ಹಸಿರು ಬಣ್ಣದ್ದು ಹೆಚ್ಚು ಚಳಿಗೆ, ನೀಲಿ ಅದಕ್ಕಿಂತ ಕಡಿಮೆ ಚಳಿಗೆ, ನೇರಳೆ ಮತ್ತು ಕೆಂಪು ಸೊನ್ನೆ ಡಿಗ್ರಿಯ ಆಸುಪಾಸಿಗೆ. ಹೆಚ್ಚು ಹಚ್ಚಿದರೆ ಹೆಚ್ಚು ಒಳ್ಳೆಯದು ಎನ್ನುವುದೂ ತಪ್ಪು. ತೆಳುವಾಗಿ ಕೆಲವು ಪದರ ಹಚ್ಚಿ, ಒಂದೊಂದನ್ನೂ ಚೆನ್ನಾಗಿ ಉಜ್ಜುವುದು ಸರಿಯಾದ ಕ್ರಮ.

ಹಿಮದ ಹದಗಳು ಯಾವುವು?

ಹೊಸ, ಒಣ ಹಿಮ: ಹರಳುಗಳು ಚೂಪಾಗಿರುತ್ತವೆ. ಗಟ್ಟಿ ಮೇಣ ಸಾಕು, ಹಿಡಿತ ಸುಲಭ. ಕಲಿಯುವವರಿಗೆ ಒಳ್ಳೆಯ ಹದ.

ಸೊನ್ನೆ ಡಿಗ್ರಿಯಲ್ಲಿ ಬೀಳುತ್ತಿರುವ ಹಿಮ: ಎಲ್ಲಕ್ಕಿಂತ ಕಠಿಣ. ಬಿಸಿಲು ಬಿದ್ದ ಕಡೆ ಒದ್ದೆ, ಮರದ ನೆರಳಲ್ಲಿ ಒಣ. ಮೇಣ ಒಂದೆಡೆ ಜಾರುತ್ತದೆ, ಇನ್ನೊಂದೆಡೆ ಮೆತ್ತಿಕೊಳ್ಳುತ್ತದೆ. ಮೇಣದ ಬದಲು ರಬ್ಬರಿನಂತಹ ತಳವನ್ನು ಉಜ್ಜಿ ಒರಟು ಮಾಡಿದ ವಿಶೇಷ ಸ್ಕೀಗಳನ್ನು ಕೆಲವರು ಇದಕ್ಕೆಂದೇ ಇಟ್ಟುಕೊಂಡಿರುತ್ತಾರೆ.

ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮ: ಹರಳುಗಳು ಹೋಗಿ ದುಂಡನೆಯ ಒರಟು ಕಣಗಳಾಗಿರುತ್ತವೆ. ಹಾದಿ ಗಾಜಿನಂತೆ ಹೊಳೆಯುತ್ತದೆ. ಗಟ್ಟಿ ಮೇಣ ಇಲ್ಲಿ ಹಿಡಿಯುವುದೂ ಇಲ್ಲ, ಬೇಗ ಸವೆದೂ ಹೋಗುತ್ತದೆ. ಇದಕ್ಕೆ ಟ್ಯೂಬಿನಲ್ಲಿ ಬರುವ, ಹಲಸಿನ ಹಣ್ಣಿನ ಮೇಣದಂತೆ ಅಂಟುವ ಕ್ಲಿಸ್ಟರ್ ಎಂಬ ಪದಾರ್ಥ ಬೇಕು.

ನೀರಾದ ಹಿಮ: ಮುಷ್ಟಿಯಲ್ಲಿ ಹಿಂಡಿದರೆ ನೀರು ಸೋರುತ್ತದೆ. ಸ್ಕೀ ತಳದಲ್ಲಿ ನೀರು ಹರಿದುಹೋಗಲು ಸಣ್ಣ ಗೆರೆಗಳನ್ನು ಮೂಡಿಸುತ್ತಾರೆ. ಮಳೆಯಲ್ಲಿ ಓಡುವ ಟೈರಿನ ಗೆರೆಗಳ ಕೆಲಸವೇ ಇವುಗಳದೂ.

ಯಂತ್ರದಿಂದ ಮಾಡಿದ ಹಿಮ: ನೀರಿನ ಸಣ್ಣ ಹನಿಗಳನ್ನು ಚಳಿಗಾಳಿಗೆ ಚಿಮ್ಮಿಸಿ ಹೆಪ್ಪುಗಟ್ಟಿಸಿದ್ದು. ನಕ್ಷತ್ರದಂತಹ ಹರಳುಗಳ ಬದಲು ಸಣ್ಣ ದುಂಡು ಕಣಗಳಿರುತ್ತವೆ. ಒತ್ತೊತ್ತಾಗಿ ಕೂತು ಬೇಗ ಗಟ್ಟಿಯಾಗುತ್ತದೆ, ನಿಧಾನವಾಗಿ ಕರಗುತ್ತದೆ. ಆದರೆ ಬಿದ್ದರೆ ಪೆಟ್ಟು ಜೋರು.

ಮೇಣದ ರಗಳೆಯೇ ಬೇಡ ಎನ್ನುವವರಿಗೆ ನಡುಭಾಗದಲ್ಲಿ ಮೀನಿನ ಹುರುಪೆಯಂತಹ ಅಚ್ಚು ಇರುವ ಅಥವಾ ಒಂದೇ ದಿಕ್ಕಿಗೆ ಮಲಗಿದ ಕೂದಲಿನ ಪಟ್ಟಿ ಅಂಟಿಸಿದ ಸ್ಕೀಗಳಿವೆ. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ತಿರುಗಿ ಸವರಿದರೆ ಒರಟು ಅಲ್ಲವೇ? ಅದೇ ತತ್ವ. ವೇಗ ಸ್ವಲ್ಪ ಕಡಿಮೆಯಾದರೂ ಹದ ಬದಲಾಗುವ ದಿನಗಳಲ್ಲಿ ಹೊಸಬರಿಗೆ ಇವೇ ಮೇಲು.

ಇನ್ನೊಂದು ಸಂಗತಿ. ಸ್ವೀಡನ್ನಿನಲ್ಲಿ 1922ರಿಂದ ನಡೆಯುತ್ತಾ ಬಂದಿರುವ ವಾಸಾಲೊಪೆಟ್ ಎಂಬ ಸ್ಪರ್ಧೆಯ ದೂರ 90 ಕಿಲೋಮೀಟರ್. ಬೆಳಿಗ್ಗೆ ಹೊರಟವರಲ್ಲಿ ಅನೇಕರು ಮುಗಿಸುವಾಗ ಸಂಜೆಯಾಗಿರುತ್ತದೆ. ಅಷ್ಟರಲ್ಲಿ ಹಿಮದ ಹದ ಎಷ್ಟೋ ಸಲ ಬದಲಾಗಿರುತ್ತದೆ. ಇಲ್ಲಿ ಮುಂಚೂಣಿಯ ಆಟಗಾರರು ಹಲವರು ಹಿಡಿತದ ಮೇಣ ಹಚ್ಚುವುದನ್ನೇ ಬಿಟ್ಟು, ಕೇವಲ ಕೋಲುಗಳಿಂದ ತಳ್ಳಿಕೊಂಡೇ 90 ಕಿಲೋಮೀಟರ್ ಮುಗಿಸುತ್ತಾರೆ!

ತಪ್ಪು ತಿಳಿವಳಿಕೆ 3: ಮೊಬೈಲ್ ಮೈನಸ್ 2 ಅಂತ ತೋರಿಸಿದರೆ ಹಿಮವೂ ಮೈನಸ್ 2

ಹವಾಮಾನದ ಆ್ಯಪ್ ತೋರಿಸುವುದು ಗಾಳಿಯ ತಾಪಮಾನ. ಹಿಮದ್ದು ಬೇರೆ ಇರಬಹುದು. ಮೋಡವಿಲ್ಲದ ರಾತ್ರಿ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗುತ್ತದೆ. ಹಗಲಲ್ಲಿ ಗಾಳಿ 5 ಡಿಗ್ರಿ ಇದ್ದರೂ ಹಿಮ ಸೊನ್ನೆಗಿಂತ ಮೇಲೇರುವುದಿಲ್ಲ, ಏರುವ ಬದಲು ಕರಗುತ್ತದೆ. ಇದಲ್ಲದೆ ಗಾಳಿ ಅದೇ ಮೈನಸ್ 2 ಇದ್ದರೂ, ನಿನ್ನೆ ಬಿದ್ದ ಹಿಮಕ್ಕೂ ವಾರದಿಂದ ಕರಗಿ ಹೆಪ್ಪುಗಟ್ಟಿದ ಹಿಮಕ್ಕೂ ಅಜಗಜಾಂತರ.

ಅನುಭವಿಗಳು ಮಾಡುವ ಪರೀಕ್ಷೆ ಬಲು ಸರಳ. ಕೈಗವಸಿನಲ್ಲಿ ಹಿಡಿ ಹಿಮ ತೆಗೆದುಕೊಂಡು ಹಿಂಡುತ್ತಾರೆ. ಹಿಟ್ಟಿನಂತೆ ಉದುರಿದರೆ ಒಣ. ಉಂಡೆ ಕಟ್ಟಿದರೆ ತೇವ. ಕೈಗವಸು ಒದ್ದೆಯಾದರೆ ನೀರಾದ ಹಿಮ. ಕಲ್ಲುಸಕ್ಕರೆಯಂತೆ ಒರಟಾಗಿದ್ದರೆ ಹಳೆಯದು. ಚಕ್ಕುಲಿ ಹಿಟ್ಟಿನ ಹದ ನೋಡಲು ನಮ್ಮ ಮನೆಗಳಲ್ಲಿ ಮುಷ್ಟಿ ಕಟ್ಟುವುದಿಲ್ಲವೇ, ಹಾಗೆಯೇ ಇದು.

ಬೆಳಗಿನ ಹಾದಿ ಬೇರೆ, ಸಂಜೆಯ ಹಾದಿ ಬೇರೆ

ಚಳಿಗಾಲದ ಕೊನೆಯಲ್ಲಿ ಒಂದೇ ಹಾದಿ ಒಂದೇ ದಿನದಲ್ಲಿ ಮೂರು ರೂಪ ತಾಳುತ್ತದೆ. ಬೆಳಿಗ್ಗೆ ಗಾಜಿನಂತೆ ಗಟ್ಟಿ. ಹನ್ನೊಂದು ಗಂಟೆಯ ಹೊತ್ತಿಗೆ ಮೇಲ್ಪದರ ಸ್ವಲ್ಪ ಮೆತ್ತಗಾಗಿ ಹಿತವಾಗಿರುತ್ತದೆ. ಮಧ್ಯಾಹ್ನ ಕೆಸರಿನಂತಾಗುತ್ತದೆ. ಬಿಸಿಲು ಇಳಿದ ಮೇಲೆ ದಿನವಿಡೀ ಜನ ತುಳಿದ ಗುಂಡಿ, ಗೆರೆಗಳೆಲ್ಲ ಹಾಗೆಯೇ ಹೆಪ್ಪುಗಟ್ಟುತ್ತವೆ.

ಸಮತಟ್ಟು ಜಾಗವಾದ್ದರಿಂದ ಕ್ರಾಸ್‌ಕಂಟ್ರಿಯಲ್ಲಿ ಅಪಾಯವೇ ಇಲ್ಲ ಎಂಬ ಮಾತು ಸರಿಯಲ್ಲ. ಹದ ಮಾಡಿದ ಹಾದಿಗಳಲ್ಲಿ ಬಳಸುವ ಹಗುರ ಸ್ಕೀಗಳಿಗೆ ಸಾಮಾನ್ಯವಾಗಿ ಲೋಹದ ಅಂಚು ಇರುವುದಿಲ್ಲ, ಹಿಮ್ಮಡಿಯೂ ಬಿಡಿಯಾಗಿರುತ್ತದೆ. ಗಟ್ಟಿ ಮಂಜಿನ ಇಳಿಜಾರಿನಲ್ಲಿ ಬ್ರೇಕ್ ಹಾಕುವುದು ಬಹಳ ಕಷ್ಟ. ಆದ್ದರಿಂದ ಹೊಸಬರು ಈ ಕೆಲವು ವಿಷಯ ಗಮನದಲ್ಲಿಡಬೇಕು:

ಹಾದಿ ಹೊಳೆಯುತ್ತಿದ್ದರೆ ಒಂದೆರಡು ಗಂಟೆ ಕಾಯಿರಿ. ಬಿಸಿಲು ತನ್ನ ಕೆಲಸ ಮಾಡಲಿ.

ಇಳಿಜಾರು ಭಯ ಹುಟ್ಟಿಸಿದರೆ ಸ್ಕೀ ಬಿಚ್ಚಿ ಹಾದಿಯ ಅಂಚಿನಲ್ಲಿ ನಡೆದು ಇಳಿಯಿರಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಏರುತ್ತಿರುವವರು ಇಳಿಯುತ್ತಿರುವವರಿಗೆ ದಾರಿ ಬಿಡಬೇಕು. ಬಿದ್ದರೆ ಬೇಗ ಹಾದಿಯಿಂದ ಪಕ್ಕಕ್ಕೆ ಸರಿಯಬೇಕು.

ಕತ್ತಲಾಗುವ ಮೊದಲು ಮರಳಿ ಬನ್ನಿ. ಬೆವರಿನಿಂದ ಒದ್ದೆಯಾದ ಬಟ್ಟೆಯಲ್ಲಿ ನಿಂತುಬಿಟ್ಟರೆ ಮೈ ಶಾಖ ಬೇಗ ಇಳಿಯುತ್ತದೆ. ಹತ್ತಿಯ ಬಟ್ಟೆ ಬೆವರು ಹಿಡಿದಿಟ್ಟುಕೊಳ್ಳುವುದರಿಂದ ಒಳಗೆ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಧರಿಸಿ.

ಮದ್ಯ ಕುಡಿದರೆ ಚಳಿ ತಡೆಯಬಹುದು ಎನ್ನುವುದೂ ಅಪಾಯಕಾರಿ ನಂಬಿಕೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ದೇಹದೊಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಹಾಗೆಯೇ ಚಳಿಯಿದೆ ಎಂದು ಬಿಸಿಲನ್ನು ಕಡೆಗಣಿಸಬೇಡಿ. ಹೊಸ ಹಿಮ ನೇರಳಾತೀತ ಕಿರಣಗಳ ಶೇ. 80ರವರೆಗೆ ಪ್ರತಿಫಲಿಸಬಲ್ಲದು. ಕಪ್ಪು ಕನ್ನಡಕವಿಲ್ಲದೆ ದಿನವಿಡೀ ಇದ್ದರೆ ಕಣ್ಣಿನ ಹೊರಪದರಕ್ಕೇ ಬಿಸಿಲ ಪೆಟ್ಟು ಬಿದ್ದು ವಿಪರೀತ ನೋವಾಗುತ್ತದೆ. ಆಸ್ತಮಾ ಇರುವವರು ತೀವ್ರ ಚಳಿಯಲ್ಲಿ ಜೋರಾಗಿ ಉಸಿರಾಡುವ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಳನ್ನೇ ಮೈನಸ್ 20 ಡಿಗ್ರಿಗಿಂತ ಕೆಳಗೆ ನಡೆಸುವುದಿಲ್ಲ.

ಮೇಣದೊಳಗಿದ್ದ ವಿಷ

ಸ್ಕೀ ತಳವನ್ನು ಒದ್ದೆ ಹಿಮದಲ್ಲೂ ಜಾರುವಂತೆ ಮಾಡಲು ಹಲವು ದಶಕಗಳ ಕಾಲ ಫ್ಲೋರಿನ್ ಇರುವ ಮೇಣಗಳನ್ನು ಬಳಸಲಾಯಿತು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಉರುಳಿಹೋಗುವಂತೆ ಇವು ನೀರನ್ನೂ ಕೊಳೆಯನ್ನೂ ದೂರ ತಳ್ಳುತ್ತವೆ. ಸೆಕೆಂಡುಗಳಲ್ಲಿ ಪದಕ ನಿರ್ಧಾರವಾಗುವ ಆಟದಲ್ಲಿ ಇದು ದೊಡ್ಡ ಅನುಕೂಲ.

ಆದರೆ ಇವು ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಕುಟುಂಬಕ್ಕೆ ಸೇರಿದವು. ಪ್ರಕೃತಿಯಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಹಚ್ಚುವಾಗ ಏಳುವ ಹೊಗೆಯನ್ನು ಉಸಿರಾಡಿದ ಮೇಣದ ಕೆಲಸಗಾರರ ರಕ್ತವನ್ನು ಸ್ವೀಡನ್ ಮತ್ತು ನಾರ್ವೆಯಲ್ಲಿ ಪರೀಕ್ಷಿಸಿದಾಗ, ಈ ಕುಟುಂಬದ ಪಿಎಫ್‌ಒಎ ಎಂಬ ರಾಸಾಯನಿಕ ಸಾಮಾನ್ಯ ಜನರಿಗಿಂತ ಅನೇಕ ಪಟ್ಟು ಹೆಚ್ಚಿತ್ತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಸ್ಕೀ ಹಾದಿಗಳ ಮಣ್ಣಿನಲ್ಲೂ ಅಲ್ಲಿನ ಎರೆಹುಳುಗಳಲ್ಲೂ ಈ ಕುಟುಂಬದ ರಾಸಾಯನಿಕಗಳು ಪತ್ತೆಯಾದವು.

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2019ರಲ್ಲೇ ಇವುಗಳ ನಿಷೇಧವನ್ನು ಘೋಷಿಸಿತು. ಪರೀಕ್ಷಿಸುವ ಉಪಕರಣ ಸಿದ್ಧವಾಗಲು ತಡವಾಗಿ 2023-24ರ ಋತುವಿನಿಂದ ಜಾರಿಗೆ ಬಂತು. ಈಗ ಸ್ಪರ್ಧೆಗಳಲ್ಲಿ ಸ್ಕೀ ತಳವನ್ನೂ ಪರೀಕ್ಷಿಸುತ್ತಾರೆ, ಫ್ಲೋರಿನ್ ಸಿಕ್ಕರೆ ಆಟಗಾರರು ಹೊರಕ್ಕೆ. ಹಳೆಯ ಮೇಣದ ಡಬ್ಬಿ ಯಾರಾದರೂ ಅಗ್ಗಕ್ಕೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಫ್ಲೋರಿನ್ ಇಲ್ಲದ ಮೇಣಗಳು ಸಿಗುತ್ತವೆ. ಅವನ್ನು ಹಚ್ಚುವಾಗಲೂ ಕಿಟಕಿ ತೆರೆದಿಡಿ.

ತಪ್ಪು ತಿಳಿವಳಿಕೆ 4: ಲೈಟರ್ ಹಿಡಿದರೂ ಕರಗದ ಪ್ಲಾಸ್ಟಿಕ್ ಹಿಮ!

ಹಿಮದ ಉಂಡೆಗೆ ಲೈಟರ್ ಹಿಡಿದು, ನೋಡಿ ನೀರು ತೊಟ್ಟಿಕ್ಕುತ್ತಿಲ್ಲ, ಕಪ್ಪಾಗುತ್ತಿದೆ, ಇದು ನಕಲಿ ಹಿಮ ಎನ್ನುವ ವೀಡಿಯೊಗಳು ನಿಮಗೂ ಬಂದಿರಬಹುದು. 2021ರ ಜನವರಿಯಲ್ಲಿ ಸ್ಪೇನ್‌ನಲ್ಲಿ, ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಅಪರೂಪಕ್ಕೆ ಭಾರಿ ಹಿಮ ಬಿದ್ದಾಗ ಇಂತಹ ವೀಡಿಯೊಗಳು ಎಲ್ಲೆಡೆ ಹರಿದಾಡಿದವು.

ಹಿಮ ಕರಗುತ್ತಲೇ ಇರುತ್ತದೆ. ಆದರೆ ಉಂಡೆಯೊಳಗಿನ ಸಣ್ಣ ಸಣ್ಣ ಸಂದುಗಳು ಆ ನೀರನ್ನು ಹೀರಿಕೊಳ್ಳುತ್ತವೆ. ಚಹಾದಲ್ಲಿ ಅದ್ದಿದ ರಸ್ಕ್ ತಕ್ಷಣ ತೊಟ್ಟಿಕ್ಕುತ್ತದೆಯೇ? ಇಲ್ಲ ತಾನೇ? ಜೊತೆಗೆ ಮಂಜುಗಡ್ಡೆ ಕರಗಲು ಬಹಳ ಶಾಖ ಬೇಕು. 1 ಗ್ರಾಂ ಮಂಜುಗಡ್ಡೆ ಕರಗಿಸಲು ಬೇಕಾದಷ್ಟು ಶಾಖದಲ್ಲಿ ಅಷ್ಟೇ ನೀರನ್ನು 0 ಡಿಗ್ರಿಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು. ಪುಟ್ಟ ಲೈಟರ್‌ಗೆ ಅದು ದೊಡ್ಡ ಕೆಲಸ. ಇನ್ನು ಆ ಕಪ್ಪು ಬಣ್ಣ ಲೈಟರಿನ ಅನಿಲ ಪೂರ್ತಿ ಉರಿಯದೆ ಬಿಟ್ಟ ಮಸಿ. ದೀಪದ ಮೇಲೆ ತಟ್ಟೆ ಹಿಡಿದರೆ ಕಾಡಿಗೆ ಕಟ್ಟುವುದಿಲ್ಲವೇ, ಅದೇ ಇದು. ಅನುಮಾನವಿದ್ದರೆ ಉಂಡೆಯನ್ನು ಒಂದು ಬಟ್ಟಲಿನಲ್ಲಿಟ್ಟು ಸ್ವಲ್ಪ ಹೊತ್ತು ಕಾದರೆ ಸಾಕು, ನೀರಾಗಿರುತ್ತದೆ. ಸ್ಕೀ ಹಾದಿಗಳಲ್ಲಿ ಬಳಸುವ ಯಂತ್ರದ ಹಿಮವೂ ಹೀಗೆಯೇ ನೀರು, ಪ್ಲಾಸ್ಟಿಕ್ ಅಲ್ಲ.

ಹಿಮಕ್ಕೆ ಉಪ್ಪು ಹಾಕಿದರೆ ಕರಗಿಹೋಗುತ್ತದೆ ಎನ್ನುವುದು ಅರ್ಧ ಸತ್ಯ. ಬೆಚ್ಚಗಿನ ದಿನಗಳಲ್ಲಿ ಸ್ಪರ್ಧೆಯ ಹಾದಿಯನ್ನು ಗಟ್ಟಿ ಮಾಡಲು ಉಪ್ಪನ್ನೇ ಎರಚುತ್ತಾರೆ! ಉಪ್ಪು ಸ್ವಲ್ಪ ಹಿಮವನ್ನು ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನ ಒದ್ದೆ ಹಿಮದಿಂದಲೇ ಎಳೆದುಕೊಳ್ಳುತ್ತದೆ. ಶಾಖ ಕಳೆದುಕೊಂಡ ಆ ಒದ್ದೆ ಹಿಮ ಹೆಪ್ಪುಗಟ್ಟುತ್ತದೆ. ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಡಬ್ಬಿಯ ಸುತ್ತ ಮಂಜುಗಡ್ಡೆಗೆ ಉಪ್ಪು ಬೆರೆಸುವುದು ಇದೇ ಕಾರಣಕ್ಕೆ.

ನಮ್ಮ ದೇಶದಲ್ಲಿ?

ಭಾರತದಲ್ಲಿ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಸ್ಕೀಯಿಂಗ್‌ನ ಹೆಸರಾಂತ ತಾಣಗಳು. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಗದೀಶ್ ಸಿಂಗ್ ಕ್ರಾಸ್‌ಕಂಟ್ರಿಯ 15 ಕಿಲೋಮೀಟರ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದ್ದರು. ಹಿಮವೇ ಬೀಳದ ಕರ್ನಾಟಕಕ್ಕೂ ಇದರಲ್ಲೊಂದು ಹೆಮ್ಮೆಯಿದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಕ್ರೀಡೆಯಲ್ಲಿ ರಾಜ್ಯಕ್ಕೆ ಚಿನ್ನ ತಂದವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ 5 ಕಿಲೋಮೀಟರ್ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚನ್ನೂ ಗೆದ್ದರು. ಹಿಮವಿಲ್ಲದ ಊರಿನವರಿಗೆ ಅಭ್ಯಾಸ ಮಾಡಲು ಗಾಲಿ ಹಚ್ಚಿದ ರೋಲರ್ ಸ್ಕೀಗಳಿವೆ. ಡಾಂಬರು ರಸ್ತೆಯಲ್ಲೇ ಕೈಕಾಲುಗಳ ಲಯ ಕಲಿಯಬಹುದು. ಆದರೆ ಹಿಮದ ಹದ ತಿಳಿಯಲು ಹಿಮದ ಮೇಲೆಯೇ ಹೋಗಬೇಕು.

ಆ ಹಿಮವೇ ಈಗ ನೆಚ್ಚಿಕೊಳ್ಳುವಂತಿಲ್ಲ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಸ್ಪರ್ಧೆಗಳನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು. 2022ರ ಬೀಜಿಂಗ್ ಒಲಿಂಪಿಕ್ಸ್ ಬಹುಪಾಲು ಯಂತ್ರದ ಹಿಮದ ಮೇಲೆಯೇ ನಡೆಯಿತು. ಯುರೋಪಿನ ಕೆಲವೆಡೆ ಚಳಿಗಾಲದ ಹಿಮವನ್ನು ರಾಶಿ ಹಾಕಿ, ಮರದ ಹೊಟ್ಟಿನಿಂದ ಮುಚ್ಚಿ ಬೇಸಿಗೆ ಕಳೆದು ಮತ್ತೆ ಹಾದಿಗೆ ಹಾಸುತ್ತಾರೆ. ಭೂಮಿ ಬೆಚ್ಚಗಾದಂತೆ ಸೊನ್ನೆ ಡಿಗ್ರಿಯ ಆಚೀಚೆ ತೂಗಾಡುವ ದಿನಗಳು ಹೆಚ್ಚುತ್ತಿವೆ. ಸ್ಕೀ ಹಿಡಿಯಬೇಕೋ ಜಾರಬೇಕೋ ಎಂದು ತಿಳಿಯದ ಅತಿ ಕಷ್ಟದ ಹದ ಅದೇ.

ನೆನಪಿಡಬೇಕಾದ್ದು

ನಮ್ಮ ತೂಕದ ಒತ್ತಡದಿಂದ ಹಿಮ ಕರಗಿ ಸ್ಕೀ ಜಾರುವುದಿಲ್ಲ. ಮೇಲ್ಮೈಯ ತೆಳು ಪದರ ಮತ್ತು ಉಜ್ಜಾಟದ ಬಿಸಿ ಮುಖ್ಯ.

ತೀರಾ ಒಣ ಹಿಮವೂ ತಡೆಯುತ್ತದೆ, ತೀರಾ ಒದ್ದೆ ಹಿಮವೂ ತಡೆಯುತ್ತದೆ.

ಆ್ಯಪ್‌ನ ತಾಪಮಾನವನ್ನಷ್ಟೇ ನಂಬದೆ, ಹಿಮವನ್ನು ಕೈಯಲ್ಲಿ ಹಿಂಡಿ ನೋಡಿ.

ಹಾದಿ ಹೊಳೆಯುತ್ತಿದ್ದರೆ ಕಾಯಿರಿ, ಇಳಿಜಾರಿನಲ್ಲಿ ಸ್ಕೀ ಬಿಚ್ಚಿ ನಡೆಯಿರಿ.

ಫ್ಲೋರಿನ್ ಇರುವ ಹಳೆಯ ಮೇಣ ಬೇಡ.

ಲೈಟರ್‌ಗೆ ತೊಟ್ಟಿಕ್ಕದ ಹಿಮ ಪ್ಲಾಸ್ಟಿಕ್ ಅಲ್ಲ.

ಗುಲ್ಮಾರ್ಗ್‌ಗೆ ಹೊರಟಿರುವ ಗೆಳೆಯರಿಗೋ, ನಾರ್ವೆ, ಕೆನಡಾ ಅಥವಾ ಅಮೆರಿಕದ ಹಿಮನಾಡಿನಲ್ಲಿರುವ ಮಕ್ಕಳು, ನೆಂಟರಿಗೋ ಈ ಲೇಖನವನ್ನು ಕಳಿಸಿ. ಮುಂದಿನ ಸಲ ನಿಮ್ಮ ಗ್ರೂಪಿನಲ್ಲಿ ಲೈಟರ್ ವೀಡಿಯೊ ಬಂದರೆ, ಉಂಡೆಯನ್ನು ಬಟ್ಟಲಿನಲ್ಲಿಟ್ಟು ಕಾಯಲು ಹೇಳಿ.